ಸೊಪ್ಪಿನಕಟ್ಟೆಯಲ್ಲಿ ಎರಡನೇ ಸೊಪ್ಪು

ಕುಸುಮಾ ಹರ್ಷವರ್ಧನನನ್ನು ಯಾಕೆ ಬೇಡ ಅಂದಳು ಅಂತ ನಮ್ಮ ಕಡೆಯ ಜನ ಈಗಲೂ ಕೇಳುತ್ತಾರೆ. ಸೋದರಮಾವನ ಮಗ, ಕೈಯಲ್ಲಿ ಕೆಲಸ ಇದೆ, ಇವಳೆಂದರೆ ಪ್ರಾಣ. ಹುಡುಗಿಗೆ ಕೊಬ್ಬು ಜಾಸ್ತಿಯಾಯಿತು ಅಂದವರೂ ಇದ್ದಾರೆ. ನಾನು ಬಾಯಿ ಬಿಡುವುದಿಲ್ಲ. ಕುಸುಮಾ ನನ್ನ ಚಿಕ್ಕಪ್ಪನ ಮಗಳು. ನಡೆದದ್ದನ್ನು ನನ್ನೊಬ್ಬನಿಗೆ ಹೇಳಿದ್ದಾಳೆ. ಇವತ್ತು ನೀವು ಇಷ್ಟು ಪೀಡಿಸುತ್ತಿದ್ದೀರಿ ಅಂತ ಹೇಳುತ್ತೇನೆ, ನಾಳೆ ಊರೆಲ್ಲ ಡಂಗುರ ಹೊಡೆಯಬೇಡಿ. ಆ ಬಾಗಿಲು ಸ್ವಲ್ಪ ಮುಂದೆ ಮಾಡಿ... ಹ್ಞಾಂ, ಸಾಕು.

ಹೋದ ವರ್ಷದ ನವೆಂಬರ್. ಹೊತ್ತು ಮುಳುಗಿ ಕಪ್ಪಾಗುತ್ತಿತ್ತು. ಅತ್ತಿಗುಂಡಿಯ ಮೇಲಿನ ಗುಡ್ಡದಲ್ಲಿ ಮೂವರು ನಡೆದು ಬರುತ್ತಿದ್ದರು. ಮುಂದೆ ಟಾರ್ಚು ಹಿಡಿದು ಭುವನಾ, ಅವಳ ಹಿಂದೆ ಕುಸುಮಾ, ಎಲ್ಲೋ ಹಿಂದೆ ಮಂಜಿನೊಳಗೆ ಹರ್ಷ. ಬೂಟಿನ ಕೆಳಗೆ ಜಲ್ಲಿ ಕರಕ್, ಕರಕ್... ಎಲೆಯಿಂದ ನೀರು ಟಪ್... ಅಷ್ಟು ಬಿಟ್ಟರೆ ಗುಡ್ಡ ಉಸಿರು ಹಿಡಿದುಕೊಂಡ ಹಾಗೆ ಸುಮ್ಮನಿತ್ತು.

ಈ ಮೂವರಿಗೂ ಒಂದು ಹುಚ್ಚು. ಕಳಸದಿಂದ ಹೊರಟು ಗುಡ್ಡ, ತೋಟ, ಕಾಡು ಹಿಡಿದು ಬಾಬಾಬುಡನ್‌ಗಿರಿಯ ತನಕ ನಡೆದೇ ಮುಗಿಸಬೇಕು ಅಂತ. ಅಷ್ಟು ರಜೆ ಒಟ್ಟಿಗೆ ಯಾರು ಕೊಡುತ್ತಾರೆ? ಅದಕ್ಕೆ ತುಂಡು ತುಂಡಾಗಿ ನಡೆಯುತ್ತಿದ್ದರು. ಒಂದು ರಜೆಯಲ್ಲಿ ಎಲ್ಲಿ ನಿಲ್ಲಿಸಿದರೋ, ಮುಂದಿನ ರಜೆಯಲ್ಲಿ ಅದೇ ಕಲ್ಲಿನಿಂದ ಶುರು. ಕುಸುಮಾ ಚಿಕ್ಕಮಗಳೂರಿನಲ್ಲಿ ನರ್ಸು, ಹರ್ಷ ಮೂಡಿಗೆರೆಯ ಗ್ಯಾರೇಜಿನಲ್ಲಿ ಜೀಪು ಬಿಚ್ಚುವವನು, ಭುವನಾ ಆಲ್ದೂರಿನಲ್ಲಿ ಅಪ್ಪನ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುವವಳು. ನಮ್ಮ ಅಜ್ಜಿಯರು ಕೂಲಿಗಾಗಿ ಬೆನ್ನು ಮುರಿದು ಮೂಟೆ ಹೊತ್ತ ದಾರಿಯಲ್ಲಿ ಇವರು ಶೋಕಿಗೆ ಬ್ಯಾಗು ಹೊರುತ್ತಿದ್ದರು. ನಾನು ಎಷ್ಟೋ ಸಲ ಗೇಲಿ ಮಾಡಿದ್ದೇನೆ. ಈಗ ಮಾಡುವುದಿಲ್ಲ.

ಅದು ಕೊನೆಯ ತುಂಡು. ಎರಡು ದಿನದ ನಡಿಗೆ. ರಾತ್ರಿ ಅತ್ತಿಗುಂಡಿಯಲ್ಲಿ ಭುವನಾಳ ಸೋದರಮಾವ ಶಿವಯ್ಯನವರ ಮನೆಯಲ್ಲಿ ಉಳಿದು, ಬೆಳಿಗ್ಗೆ ಜೀಪು ಹಿಡಿದು ಆಲ್ದೂರು ಸೇರಬೇಕು. ಸೇರಲೇಬೇಕು. ಕುಸುಮಾಳ ಅಕ್ಕ ಪ್ರೇಮಲತಾ ಅಲ್ಲಿನ ತವರಿಗೆ ಬಾಣಂತನಕ್ಕೆ ಬಂದಿದ್ದಳು, ಮರುದಿನ ಮಧ್ಯಾಹ್ನ ಮಗುವನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ. ಮನೆಯಲ್ಲಿ ಎಷ್ಟೋ ವರ್ಷದ ಮೇಲೆ ತೊಟ್ಟಿಲು ಕಟ್ಟಿದ್ದರು. ಹಿಂದೆ ಎರಡು ಸಲ ಹೊಟ್ಟೆಯಲ್ಲೇ ಕಳೆದುಕೊಂಡು ಪಡೆದ ಮಗು ಅದು. ಕುಸುಮಾಳಿಗೆ ಆ ಮಗು ಅಂದರೆ ಜೀವ. ಅದೇ ದಿನ ದೊಡ್ಡವರು ಕೂತು ಕುಸುಮಾ ಮತ್ತು ಹರ್ಷನ ಮದುವೆ ಮಾತೂ ಮುಗಿಸುವುದು ಅಂತ ಆಗಿತ್ತು.

ಗುಡ್ಡದ ನೆತ್ತಿ ದಾಟಿ ದಾರಿ ಇಳಿಯಲು ಶುರುವಾಗುವ ತಿರುವಿನಲ್ಲಿ ಸೊಪ್ಪಿನಕಟ್ಟೆ ಇದೆ. ಕಟ್ಟೆ ಅಂದರೆ ಕಟ್ಟಿದ್ದೇನೂ ಅಲ್ಲ. ಹೋಗುವವರು ಬರುವವರು ತಲೆಗೊಂದರಂತೆ ಸೊಪ್ಪು ಮುರಿದು ಹಾಕಿ ಹಾಕಿ ಆದ ಗುಡ್ಡೆ. ಕೆಳಗಿನದು ಕೊಳೆತು ಮಣ್ಣಾಗಿದೆ, ಮೇಲಿನದು ಹಸಿರಾಗಿದೆ. ಯಾಕೆ ಹಾಕುತ್ತಾರೆ ಅಂದರೆ ಒಬ್ಬರು ದೇವರು ಅನ್ನುತ್ತಾರೆ, ಇನ್ನೊಬ್ಬರು ಯಾರನ್ನೋ ಮಣ್ಣು ಮಾಡಿದ ಜಾಗ ಅನ್ನುತ್ತಾರೆ. ಹಾಕದೆ ಮಾತ್ರ ಯಾರೂ ದಾಟುವುದಿಲ್ಲ.

ಬೆಳಿಗ್ಗೆಯೇ ಕುಸುಮಾ ಇದನ್ನು ಇಬ್ಬರಿಗೂ ಹೇಳಿದ್ದಳು. ಭುವನಾ ಕೈಮುಗಿದಿದ್ದಳು. ಹರ್ಷ ಮಾತ್ರ, ಗುಡ್ಡದಲ್ಲೂ ಟೋಲ್‌ಗೇಟ್ ಇಟ್ಟಿದ್ದಾರಾ ಅಂತ ನಕ್ಕಿದ್ದ. ಈಗ ಅವನ ಮಂಡಿ ಊದಿಕೊಂಡು ಹಿಂದೆ ಬಿದ್ದಿದ್ದ. ನೀವು ಹೋಗ್ತಾ ಇರಿ, ನಾನು ಬರ್ತೀನಿ ಅಂತ ಕಳಿಸಿದ್ದ.

ಭುವನಾ ತನ್ನ ಸೊಪ್ಪು ಹಾಕಿ ಮುಂದೆ ಹೋದಳು. ಕುಸುಮಾ ಒಂದು ಹಾಕಿದಳು. ಹೊರಡಬೇಕೆಂದವಳು ನಿಂತಳು. ಇವನು ಹಾಕುವವನಲ್ಲ, ಜಂಬದ ಮನುಷ್ಯ. ಏನಾದರೂ ಆದರೆ? ಅವಳಿಗೆ ಅಮ್ಮನ ನೆನಪಾಯಿತು. ಚಿಕ್ಕಂದಿನಲ್ಲಿ ಈ ದಾರಿಯಲ್ಲಿ ಬರುವಾಗ ಅಮ್ಮ ಇಲ್ಲಿ ಎರಡು ಸೊಪ್ಪು ಹಾಕುತ್ತಿದ್ದಳು. ಒಂದು ತನಗೆ, ಇನ್ನೊಂದು ಕುಸುಮಾಳಿಗೆ. ಹಾಗಾದರೆ ಇನ್ನೊಬ್ಬರ ಪರವಾಗಿಯೂ ಹಾಕಬಹುದು ಅಂದುಕೊಂಡಳು. ಇನ್ನೊಂದು ಗೆಲ್ಲು ಲಟ್ ಅಂತ ಮುರಿದು ಗುಡ್ಡೆಯ ಮೇಲಿಟ್ಟಳು.

"ಇದು ಹರ್ಷಂದು" ಅಂತ ಮೆಲ್ಲಗೆ ಅಂದಳಂತೆ.

ಪ್ರೀತಿಯಿಂದಲೇ ಮಾಡಿದ್ದು. ಅದಕ್ಕೇ ನನಗೆ ಸಂಕಟವಾಗುತ್ತದೆ.

ಮುಂದಿನ ತಿರುವು ದಾಟುವಷ್ಟರಲ್ಲಿ ಬ್ಯಾಗು ಜಗ್ಗಿತು. ಯಾವುದೋ ಮುಳ್ಳು ಹಿಡಿದುಕೊಂಡಿತು ಅಂತ ತಿರುಗಿದಳು. ಏನೂ ಇಲ್ಲ. ಮತ್ತೆ ನಡೆದಳು. ಹೆಗಲ ಪಟ್ಟಿ ಕಿರ್... ಕಿರ್... ಅನ್ನತೊಡಗಿತು. ಎರಡು ದಿನ ತಿಂದು ತಿಂದು ಅಕ್ಕಿ, ಅವಲಕ್ಕಿ ಎಲ್ಲ ಮುಗಿದಿತ್ತು. ಹಗುರಾಗಬೇಕಾದ ಬ್ಯಾಗು ಭಾರವಾಗುತ್ತಿತ್ತು. ಸುಸ್ತು ಅಂದುಕೊಂಡಳು. ಆಮೇಲೆ ಬಲಗಿವಿಯ ಹಿಂದೆ ಸದ್ದು.

ಚುಪ್... ಚುಪ್...

ನಿಂತಳು. ಅದೂ ನಿಂತಿತು. ನಡೆದಳು.

ಚುಪ್... ಚುಪ್... ಚುಪ್...

ಬೆರಳು ಚೀಪುವ ಸದ್ದು. ಮಕ್ಕಳ ವಾರ್ಡಿನಲ್ಲಿ ದುಡಿಯುವವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಂದಿದ್ದ ಭುವನಾ ತಿರುಗಿ ಟಾರ್ಚಿನ ಬೆಳಕು ಬಿಟ್ಟಳು. ಯಾಕೆ ಹಾಗೆ ಬಗ್ಗಿ ನಡೀತಿದ್ದೀಯ ಅಂತ ಕೇಳಿದಳು. ಹತ್ತಿರ ಬಂದು, ಒಂದು ಕಡೆ ಮಾತ್ರ ಹೇಗೆ ನೆನೆದೆ ಅಂತಲೂ ಕೇಳಿದಳು. ಕುಸುಮಾ ಮುಟ್ಟಿ ನೋಡಿಕೊಂಡಳು. ಎಡ ಹೆಗಲು ಒಣಗಿತ್ತು. ಬಲ ಹೆಗಲ ಮೇಲೆ ಅಂಗೈಯಷ್ಟು ಅಗಲ ಒದ್ದೆ. ಬೆಚ್ಚಗಿನ ಒದ್ದೆ. ಮಂಜಿನ ನೀರು ಬೆಚ್ಚಗಿರುವುದಿಲ್ಲ.

ಅಷ್ಟರಲ್ಲಿ ಹರ್ಷ ಕುಂಟುತ್ತಾ ಬಂದು ಕೂಡಿಕೊಂಡ. ಅವಳ ಮುಖ ನೋಡಿ ಏನೂ ಕೇಳದೆ ಬ್ಯಾಗು ಬಿಚ್ಚಿಸಿಕೊಂಡ. ಬಕಲು ಟಿಕ್ ಅಂದು ಕಳಚಿತು. ಒಂದೇ ಕೈಯಲ್ಲಿ ಎತ್ತಿ ತೂಗಿ, ಇದರಲ್ಲಿ ಗಾಳಿ ತುಂಬಿದ್ದೀಯಾ ಅಂತ ನಕ್ಕ. ಬ್ಯಾಗು ಅವನ ಕೈಗೆ ಹೋಯಿತು. ಭಾರ ಹೋಗಲಿಲ್ಲ. ಅವಳ ಬೆನ್ನು ಹಾಗೇ ಬಗ್ಗಿತ್ತು. ಸೊಂಟದ ಎರಡೂ ಕಡೆ ಏನೋ ಒತ್ತಿ ಹಿಡಿದಿತ್ತು... ಪುಟ್ಟ ಮಂಡಿಗಳು ಒತ್ತುವ ಹಾಗೆ. ಕುತ್ತಿಗೆಯನ್ನೂ ಏನೋ ಹಿಡಿದುಕೊಂಡಿತ್ತು.

ಅವಳು ಕಿರುಚಲಿಲ್ಲ. ಯಾಕೆ ಕಿರುಚಲಿಲ್ಲ ಅಂತ ನಾನು ಕೇಳಿದ್ದಕ್ಕೆ ಅವಳು ಹೇಳಿದ್ದು ಇಷ್ಟೇ. "ಕಿವಿ ಹತ್ರಾನೇ ಇತ್ತಲ್ಲಣ್ಣ. ಎಂತ ಹೇಳಿದ್ರೂ ಮೊದ್ಲು ಅದಕ್ಕೇ ಕೇಳ್ತಿತ್ತು."

ಊರು ಹತ್ತಿರವಾಗುವಾಗ ಹಳೆಯ ಲೈನ್‌ಮನೆಗಳು ಸಿಗುತ್ತವೆ, ಕೂಲಿಯವರು ಬಿಟ್ಟುಹೋಗಿ ಹೆಂಚು ಬಿದ್ದವು. ಅಲ್ಲೊಂದು ಬಾವಿ. ಅದನ್ನು ದಾಟುವಾಗ ಚೀಪುವ ಸದ್ದು ನಿಂತಿತು. ಬೆನ್ನಿನ ಭಾರ ಮೆಲ್ಲಗೆ ಎಡಕ್ಕೆ, ಬಾವಿಯ ಕಡೆಗೆ, ವಾಲಿತು... ಬಗ್ಗಿ ನೋಡುವ ಹಾಗೆ. ಬೀಳಬಾರದು ಅಂತ ಕುಸುಮಾ ಬಲಕ್ಕೆ ಕಾಲು ಊರಬೇಕಾಯಿತು. ಹಿಂದಿನಿಂದ ಹರ್ಷ ಜೋಪಾನ ಅಂದ. ಬಾವಿ ದಾಟಿತು. ಚುಪ್... ಚುಪ್... ಮತ್ತೆ ಶುರುವಾಯಿತು.

ಶಿವಯ್ಯನವರ ಮನೆಯಲ್ಲಿ ದೀಪ ಉರಿಯುತ್ತಿತ್ತು. ಹರ್ಷ ಬ್ಯಾಗುಗಳನ್ನೆಲ್ಲ ಹೊರಗೆ ಜಗಲಿಯ ಮೇಲೇ ಇಳಿಸಿದ. ಕೈಕಾಲು ತೊಳೆದು ಒಳಗೆ ಬಂದರು. ಒಲೆಯ ಪಕ್ಕ ಶಿವಯ್ಯನವರ ತಾಯಿ ಗಿರಿಜಾಂಬಾ ಕೂತಿದ್ದರು. ಕಣ್ಣಿಗೆ ಪೊರೆ ಬಂದಿದೆ, ಆಕಾರ ಮಾತ್ರ ಕಾಣುತ್ತದೆ. ಒಬ್ಬೊಬ್ಬರನ್ನೇ ಬಾ ತಾಯಿ, ಬಾಪ್ಪ ಅಂತ ಮಾತಾಡಿಸಿದವರು ಕುಸುಮಾಳ ಕಡೆ ತಿರುಗಿ ಸ್ವಲ್ಪ ಹೊತ್ತು ನೋಡಿದರು.

"ಮಗೂನ ಇಳಿಸ್ಬಾರ್ದೇನೇ ತಾಯಿ" ಅಂದರು. "ಪಾಪ, ಕಾಲು ಜೋತಾಡ್ತಾ ಇದೆ."

"ಅಜ್ಜಿ, ಅದು ಬ್ಯಾಗು" ಅಂತ ಭುವನಾ ನಕ್ಕಳು. ಶಿವಯ್ಯನವರೂ ನಕ್ಕರು, ಅಮ್ಮನ ಕಣ್ಣಿನ ಕತೆ ಹೇಳಿದರು. ಬ್ಯಾಗು ಹೊರಗೆ ಜಗಲಿಯಲ್ಲಿದೆ ಅನ್ನುವುದು ಆ ಹೊತ್ತಿಗೆ ಕುಸುಮಾಳನ್ನು ಬಿಟ್ಟು ಯಾರಿಗೂ ಹೊಳೆಯಲಿಲ್ಲ.

ಊಟಕ್ಕೆ ಕೂತಾಗ ಹರ್ಷ ಅವಳ ಪಕ್ಕ ಸರಿದು ಪಿಸುಗುಟ್ಟಿದ.

"ನಗ್ಬೇಡ ಮಾರಾಯ್ತಿ. ಆ ಕಟ್ಟೇಲಿ ನಾನೂ ಒಂದು ಸೊಪ್ಪು ಹಾಕ್ದೆ. ಮಂಜಲ್ಲಿ ಒಬ್ನೇ ಇದ್ನಲ್ಲ... ಹೆದ್ರಿಕೆ ಆಯ್ತು."

ಕುಸುಮಾ ಕೈಯಲ್ಲಿದ್ದ ಕಡುಬನ್ನು ತಟ್ಟೆಗೆ ಇಟ್ಟಳು. ಹರ್ಷನ ಸೊಪ್ಪು ಹರ್ಷನೇ ಹಾಕಿದ್ದಾನೆ. ಹಾಗಾದರೆ ತಾನು ಇಟ್ಟ ಎರಡನೆಯದು ಯಾರದು?

ಆಗ ಅವಳಿಗೆ ಅಮ್ಮ ಎರಡು ಸೊಪ್ಪು ಹಾಕುತ್ತಿದ್ದದ್ದು ಸರಿಯಾಗಿ ನೆನಪಾಯಿತು. ಕುಸುಮಾ ತೀರಾ ಚಿಕ್ಕವಳಿದ್ದಾಗ ಮಾತ್ರ ಹಾಕುತ್ತಿದ್ದಳು, ಅಮ್ಮನ ಬೆನ್ನಿಗೆ ಸೀರೆಯಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದಾಗ. ನಡೆಯಲು ಕಲಿತ ಮೇಲೆ, ನಿಂದು ನೀನೇ ಹಾಕು ಅಂತ ಕೈಗೆ ಸೊಪ್ಪು ಕೊಡುತ್ತಿದ್ದಳು. ನಡೆಯುವವರು ತಮ್ಮದು ತಾವೇ ಹಾಕಬೇಕು. ಇನ್ನೊಬ್ಬರಿಗೆ ಹಾಕುವುದು ಬೆನ್ನ ಮೇಲೆ ಹೊತ್ತಿದ್ದರೆ ಮಾತ್ರ. ಇವಳು ಯಾರನ್ನೂ ಹೊರದೆ ಹಾಕಿದ್ದಳು. ಹಾಕಿದ ಮೇಲೆ ಹೊರಲೇಬೇಕಲ್ಲ.

ರಾತ್ರಿ ಅವಳಿಗೆ ಅಂಗಾತ ಮಲಗಲು ಆಗಲಿಲ್ಲ. ಬೋರಲು ಮಲಗಿದಳು. ಬೆನ್ನ ಮೇಲೆ ಭಾರ ಸರಿದು ಸರಿದು ಒಂದು ಕಡೆ ನೆಲೆಯಾಯಿತು. ಚೀಪುವ ಸದ್ದು ನಿಧಾನವಾಯಿತು... ನಿಂತಿತು... ಆಮೇಲೆ ಸುಂಯ್... ಸುಂಯ್... ಅಂತ ಮಗು ನಿದ್ದೆ ಹೋದ ಉಸಿರು. ಬೆಚ್ಚಗಿತ್ತಂತೆ. ತಣ್ಣಗಿದ್ದಿದ್ದರೆ ಇಷ್ಟು ಭಯ ಆಗುತ್ತಿರಲಿಲ್ಲ ಅಣ್ಣ ಅಂದಳು. ಅದು ಎಚ್ಚರವಾಗದಿರಲಿ ಅಂತ ಬೆಳಗಿನ ತನಕ ಮೈ ಮಿಸುಕದೆ ಇದ್ದಳು. ಕಣ್ಣ ಮುಂದೆ ಆಲ್ದೂರಿನ ಮನೆ, ನಡುಮನೆಯ ತೊಟ್ಟಿಲು, ಅದರೊಳಗೆ ಅಕ್ಕನ ಮಗು. ಇದನ್ನು ಹೊತ್ತುಕೊಂಡು ಆ ಹೊಸ್ತಿಲು ದಾಟಿದರೆ ಇದು ಎಲ್ಲಿ ಇಳಿಯುತ್ತದೆ ಅಂತ ಅವಳಿಗೆ ಗೊತ್ತಿತ್ತು.

ಬೆಳಕು ಹರಿಯುತ್ತಲೇ ಹರ್ಷನನ್ನು ಎಬ್ಬಿಸಿದಳು. ಗುಡ್ಡಕ್ಕೆ ಒಂದು ಸಲ ಹೋಗಿ ಬರೋಣ, ಒಂದು ವಸ್ತು ಬಿಟ್ಟು ಬಂದಿದ್ದೀನಿ ಅಂದಳು. ಒಬ್ಬಳೇ ಹೋಗುವ ಧೈರ್ಯ ಇರಲಿಲ್ಲ. ಏನು ಬಿಟ್ಟಿದ್ದು ಅಂತ ಅವನು ಕೇಳುವಷ್ಟರಲ್ಲಿ ಅಂಗಳಕ್ಕೆ ಇಳಿದಿದ್ದಳು. ಊದಿದ ಮಂಡಿಗೆ ಬಟ್ಟೆ ಸುತ್ತಿಕೊಂಡು ಅವನು ಹೊರಟ. ಜೀಪು ಬರುವುದರೊಳಗೆ ಬಂದುಬಿಡಿ ಅಂತ ಭುವನಾ ಹಿಂದಿನಿಂದ ಕೂಗಿದಳು. ಏರು ಹತ್ತುವಾಗ ಕುಸುಮಾ ಎರಡು ಕಡೆ ಕೂತಳು. ಹರ್ಷ ಎರಡು ಸಲವೂ ನೀರು ಕೊಟ್ಟ. ಎಂತ ಆಯ್ತೇ ಅಂತ ಕೇಳಿದ. ಬಾಯಿ ತೆರೆದಳು... ಕಿವಿಯ ಹಿಂದೆ ಚೀಪುವುದು ನಿಂತಿತು, ಕೇಳಿಸಿಕೊಳ್ಳಲು. ಬಾಯಿ ಮುಚ್ಚಿದಳು.

ಆಗ ಹೇಳಿಬಿಟ್ಟಿದ್ದರೆ ಅಂತ ಅವಳು ಈಗಲೂ ಅಳುತ್ತಾಳೆ.

ಸೊಪ್ಪಿನಕಟ್ಟೆ ಬಂತು. ಮಂಜು ಕರಗಿ ಎಳೆಬಿಸಿಲು ಬಿದ್ದಿತ್ತು. ನಿನ್ನೆಯ ಸೊಪ್ಪುಗಳು ಇನ್ನೂ ಬಾಡಿರಲಿಲ್ಲ. ಕುಸುಮಾ ಗುಡ್ಡೆಗೆ ಬೆನ್ನು ಹಾಕಿ ನಿಂತಳು. ತೋಟದ ಕೆಲಸಕ್ಕೆ ಬಂದ ತಾಯಂದಿರು ಬೆನ್ನಿನ ಮಗುವನ್ನು ಇಳಿಸುವಾಗ ಕೂರುತ್ತಾರಲ್ಲ, ಹಾಗೆ ಕುಕ್ಕರಗಾಲಲ್ಲಿ ಕೂತು, ಎರಡೂ ಕೈ ಹಿಂದೆ ಚಾಚಿ ಸಡಿಲ ಬಿಟ್ಟಳು.

"ಇಳಿ ಕಂದಾ" ಅಂದಳು. "ನಿನ್ನ ಜಾಗ ಬಂತು."

ಏನೂ ಆಗಲಿಲ್ಲ. ಹಕ್ಕಿಯೂ ಕೂಗಲಿಲ್ಲ. ಆಮೇಲೆ ಕುತ್ತಿಗೆ ಹಿಡಿದಿದ್ದದ್ದು ಒಂದೊಂದೇ ಬೆರಳಾಗಿ ಬಿಟ್ಟಿತು... ಸೊಂಟದ ಒತ್ತು ಹೋಯಿತು... ಹಿಂದೆ ಸೊಪ್ಪಿನ ಮೇಲೆ ಚರ್... ಚರ್... ಅಂತ ಎರಡು ಸಣ್ಣ ಸದ್ದು. ಬೆನ್ನು ಎಷ್ಟು ಹಗುರಾಯಿತು ಅಂದರೆ ಕುಸುಮಾ ಮುಗ್ಗರಿಸಿ ಕೈ ಊರಿದಳು. ಅಲ್ಲೇ ಮಣ್ಣಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಹರ್ಷ ಹತ್ತಿರ ಬರಲು ಹೋಗಿ, ಬೇಡ, ಅಳಲಿ ಅಂತ ದೂರ ನಿಂತ. ಎದ್ದು ಕಣ್ಣೊರೆಸಿಕೊಂಡು ಒಂದು ಸೊಪ್ಪು ಮುರಿದಳು. ತಿರುಗಿ ನೋಡದೆ ಕೈ ಹಿಂದೆ ಮಾಡಿ ಗುಡ್ಡೆಗೆ ಹಾಕಿದಳು. ಒಂದೇ ಒಂದು. ತನ್ನದು. ಸರಸರ ಇಳಿಯತೊಡಗಿದಳು.

ಎಷ್ಟು ಖುಷಿಯಾಗಿತ್ತಂತೆ. ಹೆಸರೇನಿಡುತ್ತಾರೋ, ಪಾಯಸ ಆಗಿದೆಯೋ ಅಂತ ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದಳು. ಹಿಂದೆ ಹರ್ಷ ಹ್ಞೂಂ, ಹ್ಞೂಂ ಅನ್ನುತ್ತಾ ಬರುತ್ತಿದ್ದ. ಲೈನ್‌ಮನೆಗಳ ಹತ್ತಿರ ಬಂದಾಗ, ಇವನು ಕುಂಟುತ್ತಿಲ್ಲವಲ್ಲ ಅಂತ ಅನಿಸಿತು. ಹೆಜ್ಜೆ ಸಮನಾಗಿ ಬೀಳುತ್ತಿತ್ತು. ಭಾರವಾಗಿ ಬೀಳುತ್ತಿತ್ತು. ತಿರುಗಿ ನೋಡಿದಳು.

ಹರ್ಷ ಮುಂದಕ್ಕೆ ಬಗ್ಗಿ ನಡೆಯುತ್ತಿದ್ದ. ಎರಡೂ ಕೈ ಹಿಂದೆ ಕಟ್ಟಿ, ಬೆರಳಿಗೆ ಬೆರಳು ಹೆಣೆದು, ಕೆಳಗಿನಿಂದ ಏನನ್ನೋ ಎತ್ತಿ ಹಿಡಿದುಕೊಂಡ ಹಾಗೆ. ಬೆನ್ನ ಮೇಲೆ ಬ್ಯಾಗಿರಲಿಲ್ಲ. ಬ್ಯಾಗು ಶಿವಯ್ಯನವರ ಜಗಲಿಯಲ್ಲಿತ್ತು.

"ಹರ್ಷ..." ಅಂದಳು. "ನೀನು ಸೊಪ್ಪು ಹಾಕಿದ್ಯಾ?"

"ಹಾಕ್ದೆ" ಅಂದ ಅವನು, ನಗುತ್ತಾ. "ನಂದೂ ಹಾಕ್ದೆ, ನಿಂದೂ ಹಾಕ್ದೆ. ನೀನು ಅಳ್ತಾ ಕೂತಿದ್ಯಲ್ಲ, ಮರ್ತು ಹೋಗ್ತೀಯ ಅಂತ."

ಅವನೂ ಪ್ರೀತಿಯಿಂದಲೇ ಮಾಡಿದ್ದು.

ಆಗ ಎಲ್ಲ ಹೇಳಿದಳು. ವಾಪಸ್ ಹೋಗೋಣ, ನೀನೇ ಕೂತು ನಿನ್ನ ಬಾಯಲ್ಲೇ ಇಳಿ ಅನ್ನಬೇಕು ಅಂತ ಕೈ ಹಿಡಿದು ಎಳೆದಳು. ಅವನಿಗೆ ನಗು. ಭಾರ ಎಲ್ಲಿದೆ ಮಾರಾಯ್ತಿ, ನನಗೆ ಮಂಡಿ ನೋವೂ ಹೋಗಿದೆ ಅಂದ. ಅವನಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೊತ್ತದ್ದು ಗೊತ್ತಿಲ್ಲದವನು ಇಳಿಸುವುದಾದರೂ ಏನನ್ನು? ಕೆಳಗೆ ಜೀಪು ಪೀಂ ಪೀಂ ಅನ್ನುತ್ತಿತ್ತು. ಬಾವಿಯ ಪಕ್ಕ ಅವನು ನಡೆದು ಹೋದ. ಅಲ್ಲಿ ಅವನ ಕಾಲು ತಾನಾಗಿ ಒಂದು ಹೆಜ್ಜೆ ಪಕ್ಕಕ್ಕೆ ಊರಿತು. ಅವನು ಅದನ್ನು ಗಮನಿಸಲಿಲ್ಲ.

ಆಲ್ದೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಕುಸುಮಾ ಅವನ ದಾರಿಗೆ ಅಡ್ಡ ನಿಂತಳು.

"ನೀನು ಮನೆಗೆ ಬರ್ಬೇಡ ಹರ್ಷ. ಇವತ್ತು ಬೇಡ. ಯಾವತ್ತೂ ಬೇಡ."

ಹೊಸ ಷರಟು ಬ್ಯಾಗಿನಲ್ಲಿ ಮಡಚಿಟ್ಟುಕೊಂಡು ಬಂದಿದ್ದನಂತೆ, ತೊಟ್ಟಿಲ ಶಾಸ್ತ್ರಕ್ಕೆ ಅಂತ. ಅವನ ಮುಖ ನೋಡಲಾಗದೆ ಅವಳು ಭುವನಾಳ ಕೈ ಹಿಡಿದು ಹೊರಟುಬಿಟ್ಟಳು. ಶಾಸ್ತ್ರ ಚೆನ್ನಾಗಿ ನಡೆಯಿತು. ಮಗು ಈಗ ಗುಂಡಗೆ ಓಡಾಡಿಕೊಂಡಿದೆ. ಮದುವೆ ಮಾತು ಅಲ್ಲಿಗೇ ನಿಂತಿತು. ಕುಸುಮಾ ಆಮೇಲೆ ಎಷ್ಟೋ ಸಲ ಫೋನು ಮಾಡಿ, ನನ್ನ ಜೊತೆ ಒಂದೇ ಒಂದು ಸಲ ಆ ಕಟ್ಟೆಗೆ ಬಾ ಅಂತ ಬೇಡಿಕೊಂಡಳು. ಬೇಡ ಅಂದವಳು ನೀನೇ, ಈಗ ಕತೆ ಕಟ್ಟುವವಳೂ ನೀನೇ ಅಂತ ಅವನು ಇಟ್ಟುಬಿಟ್ಟ. ಮನಸ್ಸು ನೊಂದಿತ್ತು, ಅವನದೇನು ತಪ್ಪು.

ಇದನ್ನೆಲ್ಲ ಕೇಳಿದಾಗ ನಾನೂ ನಂಬಿರಲಿಲ್ಲ. ನೈಟ್ ಡ್ಯೂಟಿ ಮಾಡಿ ಮಾಡಿ ಹುಡುಗಿಯ ತಲೆ ಕೆಟ್ಟಿದೆ ಅಂದುಕೊಂಡೆ. ಆಮೇಲೆ ಈ ಮಾರ್ಚಿನಲ್ಲಿ ಮೂಡಿಗೆರೆಗೆ ಹೋಗುವ ಬಸ್ಸಿನಲ್ಲಿ ಹರ್ಷ ಸಿಕ್ಕಿದ. ಕಾಫಿ ಅರಳಿಸುವ ಹೂಮಳೆ ಬರಲಿಲ್ಲ ಅಂತ ತೋಟದವರೆಲ್ಲ ಆಕಾಶ ನೋಡುತ್ತಿದ್ದ ಕಾಲ. ಬಸ್ಸಿನ ತುಂಬ ಧೂಳು. ನನ್ನ ಮುಂದಿನ ಸೀಟಿನಲ್ಲೇ ಇದ್ದ. ಸೀಟಿನ ಅಂಚಿನಲ್ಲಿ ಕೂತಿದ್ದ, ಹಿಂದಕ್ಕೆ ಒರಗದೆ, ಬೆನ್ನಿಗೂ ಸೀಟಿಗೂ ನಡುವೆ ಒಂದು ಗೇಣು ಜಾಗ ಬಿಟ್ಟು. ಆರಾಮವಾಗಿ ಕೂತ್ಕೊಳೋ ಅಂದೆ. ಹಿಂಗೇ ಆರಾಮ ಅಣ್ಣ ಅಂತ ನಕ್ಕ. ಚೆನ್ನಾಗಿಯೇ ಇದ್ದ, ಸ್ವಲ್ಪ ಇಳಿದಿದ್ದ.

ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು, ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ. ಬಸ್ಸಿಗೆ ಬಸ್ಸೇ ಒಣಗಿತ್ತು. ಕಿಟಕಿಯಿಂದ ಬಿಸಿಲು ನೇರ ಅವನ ಮೇಲೆ ಬೀಳುತ್ತಿತ್ತು. ಅವನ ಷರಟಿನ ಬಲ ಹೆಗಲ ಮೇಲೆ ಅಂಗೈಯಷ್ಟು ಅಗಲ ಒದ್ದೆಯಿತ್ತು. ಮೂಡಿಗೆರೆ ಬರುವ ತನಕ ಅದು ಆರಲಿಲ್ಲ.